ಅಟ್ಟ ಹತ್ತುವ ಆಸೆ

ನಮ್ಮ ಮನೆಯ ಅಟ್ಟದ ಗಳ ಮುರಿದು ನನ್ನ ಬಲಗಾಲು ತೊಡೆಯವರೆಗೂ ಕೆಳಗಿನ ಕೋಣೆಗೆ ಇಳಿದಾಗ ಆ ಕೋಣೆಯಲ್ಲಿ ನಮ್ಮತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಕಾಲು ಕಾಣಿಸಿಕೊಂಡರೆ ಯಾರಾದರೂ ಕಿರುಚಿಕೊಳ್ಳಬೇಕು. ನಮ್ಮತ್ತೆ ಕಿರುಚಲಿಲ್ಲ. ಕತ್ತೆತ್ತಿ ನೋಡಿ, "ಅಯ್ಯೋ ಶಿವ್ನೇ, ಗಳ ಹೋಯ್ತಲ್ಲೇ!" ಅಂದರು.

ನನ್ನ ಕಾಲಿನ ವಿಚಾರ ಆಮೇಲೆ ಬಂತು. ಆ ಬಿದಿರಿನ ಗಳಗಳನ್ನು ಹಾಕಿಸಿದ್ದು ತೀರಿಹೋದ ನನ್ನ ಮಾವ. ಅತ್ತೆಗೆ ಅವುಗಳ ಮೇಲೆ ಸೊಸೆಯ ಮೇಲಿರುವುದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಮಮತೆ ಎಂದು ನಾನು ಆಗಾಗ ರೇಗಿಸುತ್ತಿದ್ದೆ. ಅವತ್ತು ಅದು ನಿಜವೇ ಅನ್ನಿಸಿತು.

"ಅತ್ತೆ, ಗಳದ ಜೊತೆ ನಾನೂ ಹೋಗ್ತಾ ಇದೀನಿ, ಯಾರನ್ನಾದ್ರೂ ಕರೀರಿ!" ಎಂದು ಮೇಲಿಂದ ಕೂಗಿದೆ. ಅವರ ಕಿವಿ ಮಂದ. ಮೂರು ಸಲ ಕೂಗಿದ ಮೇಲೆ ಕೇಳಿಸಿತು. ಪಕ್ಕದ ತೋಟದಿಂದ ಇಬ್ಬರು ಗಂಡಸರು ಬಂದರು. ಒಬ್ಬ ಮೇಲೆ ಹತ್ತಿ ನನ್ನ ಕಂಕುಳಿಗೆ ಕೈ ಕೊಟ್ಟು ಎಳೆದ, ಇನ್ನೊಬ್ಬ ಕೆಳಗೆ ಮೇಜಿನ ಮೇಲೆ ನಿಂತು ಅಂಗಾಲು ಹಿಡಿದು ನೂಕಿದ. ಅಷ್ಟು ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, "ಹೋಲ್ಡಾನ್... ಹೋಲ್ಡಾನ್... ಹಾಂ, ರೈಟ್ ರೈಟ್" ಎಂದು ನಿರ್ದೇಶನ ಕೊಡತೊಡಗಿದರು. ಅವರು ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರನ್ನು ಇಳಿಸುವುದು ಅವರಿಗೆ ದಿನನಿತ್ಯದ ಕೆಲಸ.

ತೊಡೆ ತರಚಿತ್ತು, ಮೂಳೆಗೇನೂ ಆಗಿರಲಿಲ್ಲ. ನಗುನಗುತ್ತಲೇ ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಚೆನ್ನಾಗಿ ಅತ್ತುಬಿಟ್ಟೆ. ಯಜಮಾನರು ಕಾಫಿ ಲೋಟ ಕೈಗೆ ಕೊಡುವಾಗ, "ಇನ್ಮೇಲೆ ಅಟ್ಟ ಹತ್ತಬ್ಯಾಡ ಕಣೇ" ಎಂದು ಮೆತ್ತಗೆ ಹೇಳಿದ್ದರು. ಯಾವತ್ತೂ ತಮಾಷೆ ಬಿಟ್ಟು ಮಾತಾಡದ ಮನುಷ್ಯ ತಮಾಷೆ ಮಾಡದೆ ಹೇಳಿದ್ದರು. ಅದಕ್ಕೇ ಅಳು ಬಂದಿತ್ತು.

ಅಟ್ಟ ಹತ್ತದಿದ್ದರೆ ಏನಂತೆ ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡುತ್ತೇವೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂತು ನಿಧಾನವಾಗಿ ಒಣಗುತ್ತದೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುತ್ತದೆ. ಆಮೇಲೆ ನೀರು ಬತ್ತಿ ಕಾಯಿ ಸುಮ್ಮನಾಗುತ್ತದೆ. ಕೊನೆಗೆ ಒಳಗಿನ ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎಂದು ಬಡಿಯುತ್ತದೆ. ಆಗ ಅದು ಕೊಬ್ಬರಿ. ಆದರೆ ಎಲ್ಲ ಕಾಯಿಗಳೂ ಒಂದೇ ದಿನ ಕೊಬ್ಬರಿಯಾಗುವುದಿಲ್ಲ. ಅಟ್ಟದ ಮೇಲೆ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಕೇಳಬೇಕು. ಆದದ್ದನ್ನು ಇಳಿಸಬೇಕು, ಆಗದ್ದನ್ನು ಅಲ್ಲೇ ಬಿಡಬೇಕು. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಹಾಳಾಗುತ್ತದೆ.

ಈ ಕೇಳುವ ಕೆಲಸ ಕಲಿಸಿದ್ದು ಅತ್ತೆ. ಹಾಲ್ಕುರಿಕೆ ಕಡೆಯ ಈ ಮನೆಗೆ ನಾನು ಮದುವೆಯಾಗಿ ಬಂದ ವರ್ಷ ನನ್ನನ್ನು ಏಣಿ ಹತ್ತಿಸಿ, ಪಕ್ಕದಲ್ಲಿ ಕೂರಿಸಿಕೊಂಡು, "ಬಾಯಿ ಮುಚ್ಚು, ಕಿವಿ ಕೊಡು" ಅಂದಿದ್ದರು. ಬಾಯಿ ಮುಚ್ಚುವುದು ನನಗೆ ಇವತ್ತಿಗೂ ಕಷ್ಟ. ಕಿವಿ ಮಾತ್ರ ಬೇಗ ಪಳಗಿತು. ಅವರ ಕಿವಿ ಮಂದವಾಗುತ್ತ ಬಂದ ಹಾಗೆ ಆ ಕೆಲಸ ಪೂರ್ತಿಯಾಗಿ ನನ್ನದಾಯಿತು. ಹೆಂಚಿನ ಸಂದಿಯ ಮಬ್ಬು ಬೆಳಕು, ಕಾಯಿಸಿಪ್ಪೆಯ ವಾಸನೆ, ಯಾರೂ ಕರೆಯದ ಎರಡು ಗಂಟೆ. ತವರಿಗೆ ಹೋಗಿ ಬಂದಷ್ಟು ಹಿತ ಅದು. ಇನ್ನು ಮೇಲೆ ಅಲ್ಲಿಗೆ ಹೋಗುವ ಹಾಗಿಲ್ಲ ಅಂದರೆ ನನ್ನ ಮನೆಯಲ್ಲೇ ನಾನು ಅರ್ಧಕ್ಕೆ ನಿಂತ ಹಾಗೆ ಅನ್ನಿಸಿತು.

ಆಗ ನನ್ನ ತೂಕ ನೂರ ಹದಿನಾಲ್ಕು ಕೆಜಿ. ಮಗಳು ಹುಟ್ಟಿದ ಮೇಲೆ ಸ್ವಲ್ಪ ಬಂತು, ಥೈರಾಯ್ಡ್ ಕಾಣಿಸಿಕೊಂಡ ಮೇಲೆ ಇನ್ನಷ್ಟು ಬಂತು, ಉಳಿದದ್ದು ಯಾವ ಬಾಗಿಲಿಂದ ಬಂತೋ ನನಗೆ ಗೊತ್ತಾಗಲಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಮಗಳನ್ನು ತುರುವೇಕೆರೆಗೆ ಕೊಟ್ಟ ಮೇಲೆ ಮನೆಯಲ್ಲಿರುವುದು ನಾವು ಮೂವರೇ. ಮೂವರೂ ಒಂದೇ ಪಾತ್ರೆಯ ಸಾರು, ಒಂದೇ ಹಿಟ್ಟಿನ ಮುದ್ದೆ ತಿನ್ನುವವರು. ಅತ್ತೆ ಎಪ್ಪತ್ತನಾಲ್ಕರಲ್ಲೂ ಎರಡು ಮುದ್ದೆ ನುಂಗಿ ಹಂಚಿಕಡ್ಡಿಯ ಹಾಗಿದ್ದಾರೆ. ಯಜಮಾನರು ಬಸ್ಸಿನಲ್ಲಿ ಇಬ್ಬರ ನಡುವಿನ ಗೇಣಗಲ ಸಂದಿಯಲ್ಲಿ ನುಸುಳಿ ಆ ಕಡೆ ಏಳುತ್ತಾರೆ. ನಾನೊಬ್ಬಳು ಮಾತ್ರ ಹೀಗೆ. ಈ ಅನ್ಯಾಯಕ್ಕೆ ದೇವರ ಮನೆಯಲ್ಲಿ ಹಣೆಗೆ ಇಬ್ಬತ್ತಿ ಇಟ್ಟುಕೊಳ್ಳುವಾಗಲೆಲ್ಲ ಶಿವನ ಜೊತೆ ಜಗಳ ಆಡಿದ್ದೇನೆ.

ಸುಮ್ಮನೆ ಕೂತಿದ್ದವಳೂ ಅಲ್ಲ. ಆರು ವರ್ಷ ನಾನು ಪಡದ ಪಾಡಿಲ್ಲ. ಬೆಳಗ್ಗೆ ತೋಟದ ಸುತ್ತ ಎಂಟು ಸುತ್ತು ನಡೆದೆ. ಹಿಂದೆ ಹಿಂದೆ ಬರುತ್ತಿದ್ದ ನಮ್ಮ ನಾಯಿ ಸಣ್ಣಗಾಯಿತು, ನಾನು ಆಗಲಿಲ್ಲ. ಬಿಸಿನೀರಿಗೆ ನಿಂಬೆಹಣ್ಣು ಜೇನುತುಪ್ಪ ಹಾಕಿಕೊಂಡು ಕುಡಿದೆ. ಅನ್ನ ಬಿಟ್ಟೆ, ಮುದ್ದೆ ಅರ್ಧ ಮಾಡಿದೆ, ನವಣೆ ಸಾಮೆ ಎಂದು ಒಂದು ವರ್ಷ ಹಕ್ಕಿಯ ಹಾಗೆ ಕಾಳು ತಿಂದೆ. ನೆಂಟರೊಬ್ಬರು ಮಾರುತ್ತಿದ್ದ ಡಬ್ಬಿ ಪುಡಿಯನ್ನೂ ಕಲಸಿ ಕುಡಿದು ನೋಡಿದೆ. ಪ್ರತಿ ಸಲವೂ ಆರು ಕೆಜಿ ಇಳಿಯುತ್ತಿತ್ತು, ಆಮೇಲೆ ಎಂಟು ಕೆಜಿ ಏರುತ್ತಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದಾಗ ಯಜಮಾನರು, "ಟಿಕೆಟ್ ಫ್ರೀ ಕೊಡ್ಬಹುದು, ಸೀಟು ಎರಡೆರಡು ಕೊಡಕ್ಕಾಗಲ್ಲ ಕಣಮ್ಮ" ಅಂದಿದ್ದರು. ಬಸ್ಸು ಪೂರ್ತಿ ನಕ್ಕಿತ್ತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಗಳ ಮುರಿದ ಮೇಲೆ ಮಂಡಿ ಡಾಕ್ಟರ ಹತ್ತಿರ ಹೋದಾಗ ಅವರು, "ಮಂಡಿಗಿಂತ ಮೊದಲು ತೂಕ ನೋಡಬೇಕು" ಎಂದು ತುಮಕೂರಿನ ಒಬ್ಬ ಸರ್ಜನ್‌ಗೆ ಚೀಟಿ ಬರೆದುಕೊಟ್ಟರು. ತೂಕ ಇಳಿಸುವ ಆಪರೇಷನ್ ಮಾಡುವ ಡಾಕ್ಟರ್. ಅಂಥದ್ದೊಂದು ಇದೆ ಎಂದು ಟಿವಿಯಲ್ಲಿ ನೋಡಿದ್ದೆ. ಅದು ಸಿನಿಮಾದವರಿಗೆ ಇರಬೇಕು, ನಮ್ಮಂಥವರಿಗಲ್ಲ ಅಂದುಕೊಂಡಿದ್ದೆ.

ಆ ಸರ್ಜನ್ ಹೆಂಗಸು. ನನಗಿಂತ ಚಿಕ್ಕವರು. ಅಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ನಾನು ಅಭ್ಯಾಸಬಲದಿಂದ, "ಚೀಲದ ತೂಕ ಕಳೀರಿ" ಅಂದುಬಿಟ್ಟೆ. ನಮ್ಮಲ್ಲಿ ಕೊಬ್ಬರಿ ತೂಗುವಾಗ ಗೋಣಿಚೀಲದ ತೂಕ ಕಳೆಯದೆ ಬರೆಯುವುದುಂಟೇ? ನರ್ಸ್ ನನ್ನ ಸೀರೆ ನೋಡಿ ನಕ್ಕು, ಕಳೆಯದೆ ಬರೆದುಕೊಂಡಳು.

ಡಾಕ್ಟರ್ ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಜಠರದ ದೊಡ್ಡ ಭಾಗ ತೆಗೆದು ಉಳಿದದ್ದನ್ನು ಒಂದು ಬಾಳೆಕಾಯಿಯಷ್ಟು ಮಾಡುತ್ತಾರಂತೆ. ಸ್ವಲ್ಪಕ್ಕೇ ಹೊಟ್ಟೆ ತುಂಬುತ್ತದೆ, ಹಸಿವೂ ತಗ್ಗುತ್ತದೆ. "ಇದು ಮಂತ್ರ ಅಲ್ಲಮ್ಮ" ಅಂದರು. "ಒಳಗೆ ಸೋರಬಹುದು, ರಕ್ತ ಹೋಗಬಹುದು. ಅಪರೂಪ, ಆದ್ರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಜೀವನಪೂರ್ತಿ ವಿಟಮಿನ್ ಮಾತ್ರೆ ತಗೋಬೇಕು, ಅಳತೆಯಲ್ಲಿ ತಿನ್ನಬೇಕು. ಮನಸ್ಸಿಗೆ ಬಂದ ಹಾಗೆ ತಿಂದ್ರೆ ತೂಕ ವಾಪಸ್ ಬರುತ್ತೆ. ಅದಕ್ಕೇ ಮೊದಲು ಒಂದು ತಿಂಗಳು, ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಂಡು ಬನ್ನಿ. ಆಮೇಲೆ ಆಪರೇಷನ್ ಬೇಕೋ ಬೇಡವೋ ನೋಡೋಣ."

ಬರೆಯುವುದರಲ್ಲಿ ನಾನು ಬಲು ಪ್ರಾಮಾಣಿಕಳು. ಮಗಳ ಹಳೇ ನೋಟ್‌ಬುಕ್ ತೆಗೆದು ಒಂದು ತಿಂಗಳು ಬರೆದೆ. ಕಾಫಿಗೆ ಹಾಕಿದ ಅರ್ಧ ಚಮಚ ಸಕ್ಕರೆ ಬರೆದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೊಟ್ಟ ಆರು ಕಡಲೆಕಾಯಿ ಬೀಜವನ್ನು ಎಣಿಸಿ ಬರೆದೆ. ಪ್ರಸಾದದ ಕಲ್ಲುಸಕ್ಕರೆಯನ್ನೂ, ಶಿವನ ಕ್ಷಮೆ ಕೇಳಿ, ಬರೆದೆ. ತಿಂಗಳ ಕೊನೆಗೆ ಓದಿ ನೋಡಿದರೆ ಯಾವುದೋ ಸನ್ಯಾಸಿನಿಯ ದಿನಚರಿಯ ಹಾಗಿತ್ತು. ನನಗೇ ನನ್ನ ಮೇಲೆ ಭಕ್ತಿ ಹುಟ್ಟಿತು.

ಆಸ್ಪತ್ರೆಯಲ್ಲಿ ಆಹಾರದ ವಿಚಾರ ನೋಡುವವಳು ಗದಗದ ಕಡೆಯ ಹುಡುಗಿ. ನನ್ನ ಪುಸ್ತಕವನ್ನು ಒಂದೊಂದೇ ಹಾಳೆ ತಿರುವಿ ಓದಿದಳು. ಎರಡನೇ ಹಾಳೆಗೆ ಹುಬ್ಬು ಮೇಲೇರಿತು.

"ಅಕ್ಕಾರ, ಬೆಳಿಗ್ಗೆ ಎರಡು ರೊಟ್ಟಿ, ಚಟ್ನಿ ಅಂತ ಬರ್ದೀರಿ. ಯಾವ ಚಟ್ನಿರಿ? ಶೇಂಗಾದ್ದೇನು?"

"ಕಾಯಿ ಚಟ್ನಿ ಕಣಮ್ಮ. ಚಟ್ನಿ ಅಂದ್ಮೇಲೆ ಇನ್ಯಾವ್ದು?"

"ದಿನಾ?"

"ದಿನಾ."

"ಎಷ್ಟು ಕಾಯಿ ಹಾಕ್ತೀರಿ?"

"ಅದನ್ಯಾರು ನೋಡ್ತಾರೆ? ಹಿಡಿಸಿದಷ್ಟು."

ಹುಡುಗಿ ಪೆನ್ನು ತೆಗೆದುಕೊಂಡಳು. ಸಾರಿಗೆ? ಕಾಯಿ ರುಬ್ಬಿ ಹಾಕುತ್ತೇವೆ. ಪಲ್ಯಕ್ಕೆ? ಮೇಲೆ ತುರಿದು ಹಾಕುತ್ತೇವೆ. ಹಬ್ಬದ ಒಬ್ಬಟ್ಟಿಗೆ? ಕಾಯಿಹಾಲು. ಸಂಜೆ ನಾಲ್ಕು ಗಂಟೆಗೆ 'ಏನೂ ಇಲ್ಲ' ಎಂದು ತಿಂಗಳಿಡೀ ಬರೆದಿದ್ದೆ. ಅಷ್ಟು ಹೊತ್ತಿಗೆ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಕೊಬ್ಬರಿ ಚಿಪ್ಪು ಬಿಡಿಸುತ್ತೇನೆ ಅಂದೆ.

"ಬಿಡಿಸುವಾಗ ಒಡದ ಚೂರು ಏನ್ ಮಾಡ್ತೀರಿ?"

"ಏನ್ ಮಾಡೋದು, ಬಾಯಿಗ್ ಹಾಕ್ಕೊತೀನಿ."

ಹೇಳುತ್ತ ಹೇಳುತ್ತ ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸಿತು. ಆರು ಕಡಲೆಬೀಜ ಎಣಿಸಿದವಳು ಮೂವತ್ತು ದಿನದಲ್ಲಿ ಒಂದೇ ಒಂದು ಸಲವೂ ತೆಂಗಿನಕಾಯಿ ಎಂದು ಬರೆದಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಸತ್ಯವಾಗಿಯೂ ತೋಚಿರಲಿಲ್ಲ. ಬಾವಿಯ ನೀರನ್ನು ಯಾರಾದರೂ ಊಟ ಎಂದು ಬರೆಯುತ್ತಾರೆಯೇ? ಸುತ್ತ ನಾಲ್ಕು ದಿಕ್ಕಿಗೂ ತೆಂಗಿನ ಮರ, ತಲೆಯ ಮೇಲೆ ಅಟ್ಟದ ತುಂಬ ಕಾಯಿ, ಕೈಯಲ್ಲಿ ಕೊಬ್ಬರಿ. ಅದು ನಮಗೆ ಇರುವಂಥದ್ದು, ತಿನ್ನುವಂಥದ್ದು ಅನ್ನಿಸುವುದೇ ಇಲ್ಲ.

"ಕಾಯಿ ಕೆಟ್ಟದ್ದಂತ ನಾ ಅನ್ನಂಗಿಲ್ರಿ" ಅಂದಳು ಹುಡುಗಿ ನಗು ತಡೆದುಕೊಂಡು. "ಆದ್ರ ತಿಂದದ್ದಂತೂ ಖರೆ ಅಲ್ರಿ?"

ನಾನು ಎಷ್ಟು ನಕ್ಕೆನೆಂದರೆ ಪಕ್ಕದ ಕೋಣೆಯಿಂದ ಡಾಕ್ಟರೇ ಎದ್ದು ಬಂದರು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಒಳ್ಳೆ ಹುರುಪು. ಕಳ್ಳ ಸಿಕ್ಕಿಬಿದ್ದಿದ್ದಾನೆ, ಇನ್ನು ಆಪರೇಷನ್ ಯಾಕೆ ಎಂದುಕೊಂಡೆ.

ಮನೆಯಲ್ಲಿ ಯುದ್ಧ ಶುರುವಾಯಿತು. ಅಡುಗೆಮನೆ ಅರ್ಧ ನನ್ನದಾದರೂ ತುರಿಯುವ ಮಣೆ ಮಾತ್ರ ಪೂರ್ತಿ ಅತ್ತೆಯದು. ಕಾಯಿ ಕಮ್ಮಿ ಮಾಡಬೇಕು ಎಂದು ಹೇಳಿದ್ದಕ್ಕೆ ಅವರು ಎದೆಗೆ ಕೈ ಇಟ್ಟುಕೊಂಡರು.

"ತೋಟ ಇಟ್ಕಂಡು ಕಾಯಿ ಅಳೆದು ಹಾಕೋದೇನೇ? ನೋಡ್ದೋರು ಏನಂದಾರು? ನಾನೂ ಹುಟ್ಟಿದಾಗಿಂದ ತಿಂತಾವ್ನಿ. ನನ್ ಮೈ ನೋಡು!"

ಅವರ ಮೈ ನೋಡಿ ನೋಡಿಯೇ ನನಗೆ ಹೊಟ್ಟೆ ಉರಿಯುತ್ತಿದ್ದದ್ದು. ನಾನು ಬಗ್ಗಲಿಲ್ಲ. ಅವರೂ ಬಗ್ಗಲಿಲ್ಲ. ನಾನು ಹೂವು ಬಿಡಿಸಲು ಹೋದ ಹೊತ್ತು ನೋಡಿ ಸಾರಿಗೆ ಅರ್ಧ ಹೋಳು ಕಾಯಿ ರುಬ್ಬಿ ಸೇರಿಸಿಬಿಡುತ್ತಿದ್ದರು. ಒಂದು ತುತ್ತಿಗೇ ನನಗೆ ಗೊತ್ತಾಗುತ್ತಿತ್ತು. "ಅತ್ತೆ!" ಅಂದರೆ, "ಏನೋ ಕೇಳಾಕಿಲ್ಲ ಬುಡು" ಎಂದು ಕಿವಿ ತೋರಿಸುತ್ತಿದ್ದರು. ಕೊನೆಗೆ ಒಂದು ದಿನ ನನಗೆ ರೇಗಿ ಸಾರಿನ ಪಾತ್ರೆಯನ್ನೇ ಎತ್ತಿ ಅವರ ಮುಂದೆ ಇಟ್ಟು, ಮಜ್ಜಿಗೆ ಕುಡಿದು ಮಲಗಿದೆ. ಮಾರನೇ ದಿನದಿಂದ ಒಲೆಯ ಮೇಲೆ ಒಂದು ಪುಟ್ಟ ಪಾತ್ರೆ ಬೇರೆ ಕೂರತೊಡಗಿತು. ಕಾಯಿ ಹಾಕದ ನನ್ನ ಸಾರು. ಅದಕ್ಕೆ ಅತ್ತೆ 'ಆಸ್ಪತ್ರೆ ಸಾರು' ಎಂದು ಹೆಸರಿಟ್ಟರು, ಆದರೆ ದಿನವೂ ಮರೆಯದೆ ಮಾಡಿದರು.

ಕೊಬ್ಬರಿ ಬಿಡಿಸುವಾಗ ಬಾಯಿಗೆ ಎರಡು ಲವಂಗ ಹಾಕಿಕೊಂಡು ಕೂರುತ್ತಿದ್ದೆ. ನಡಿಗೆ ಬಿಡಲಿಲ್ಲ. ಪುಸ್ತಕದಲ್ಲಿ ಪ್ರತಿ ಚೂರನ್ನೂ ಬರೆದೆ. ನಾಲ್ಕು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಯಿತು. ನೂರ ಐದು! ಯಜಮಾನರು ಸಂಭ್ರಮಕ್ಕೆ ಮೈಸೂರು ಪಾಕು ತಂದು, ನನ್ನ ಮುಖ ನೋಡಿ, ತಾವೇ ಕೂತು ತಿಂದರು.

ಆಮೇಲೆ ತೂಕದ ಮುಳ್ಳು ನಿಂತೇ ಹೋಯಿತು. ಒಂದು ತಿಂಗಳು ನೂರ ಐದು, ಎರಡನೇ ತಿಂಗಳೂ ನೂರ ಐದು. ಮೂರನೆಯ ತಿಂಗಳು, ಒಂದು ಎಳ್ಳುಕಾಳಿನಷ್ಟೂ ಹೆಚ್ಚಿಗೆ ತಿನ್ನದೆ, ನೂರ ಏಳು. ಸದಾ ಹಸಿವು. ಎಂಥ ಹಸಿವು ಅಂದರೆ, ತೋಟದಲ್ಲಿ ಹಸು ಹುಲ್ಲು ಮೇಯುವುದನ್ನು ಆಸೆಯಿಂದ ನೋಡುತ್ತ ನಿಂತಿದ್ದೆ ಒಂದು ದಿನ. ಇಷ್ಟು ಮಾಡಿಯೂ ಆಗಲಿಲ್ಲ ಅಂದರೆ ತಪ್ಪು ನನ್ನದೇ ಇರಬೇಕು, ನನ್ನ ಮನಸ್ಸೇ ಗಟ್ಟಿಯಿಲ್ಲ ಎಂದು ಕುಗ್ಗಿಹೋದೆ.

ಆ ಹೊತ್ತಿಗೆ ಆಪರೇಷನ್ ವಿಚಾರ ನಮ್ಮ ಮನೆಯ ಗುಟ್ಟಾಗಿ ಉಳಿದಿರಲಿಲ್ಲ. ಯಜಮಾನರಿಗೆ ಭಯ. ಭಯವಾದರೆ ಅವರಿಗೆ ಯಾರನ್ನಾದರೂ ಕೇಳಬೇಕು. ಅವರ ಕೈಗೆ ದಿನಕ್ಕೆ ನಾಲ್ಕು ಟ್ರಿಪ್ಪಿನ ಜನ ಸಿಗುತ್ತಾರೆ. ಬೆಳಗಿನ ಟ್ರಿಪ್ಪು ಮುಗಿಸಿ ಬಂದು, "ಮಾಡಿಸ್ಬುಡಾಣ ಕಣೇ, ಒಬ್ರು ಮೇಷ್ಟ್ರು ತಮ್ಮ ಮಾಡಿಸ್ಕಂಡು ಈಗ ಕುಣೀತವ್ನಂತೆ" ಅನ್ನುತ್ತಿದ್ದರು. ಸಾಯಂಕಾಲದ ಟ್ರಿಪ್ಪು ಮುಗಿಸಿ ಬಂದು, "ಬ್ಯಾಡ ಬುಡು, ಕುರಿ ವ್ಯಾಪಾರಕ್ಕೆ ಹೋಗೋ ಅಜ್ಜ ಒಬ್ರು ಬ್ಯಾಡ ಅಂದ್ರು" ಅನ್ನುತ್ತಿದ್ದರು. ಒಂದು ದಿನ ನಾನು ಅದೇ ಬಸ್ಸು ಹತ್ತಿದರೆ, ಗುರುತೇ ಇಲ್ಲದ ಹೆಂಗಸೊಬ್ಬರು ಜಾಗ ಬಿಟ್ಟುಕೊಟ್ಟು, "ಯಾವಾಗಮ್ಮ ಆಪರೇಸನ್ನು?" ಅಂದರು. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದ ಮೇಲೆ ಕೇಳಿದೆ: "ಏನ್ರೀ, ನನ್ ಹೊಟ್ಟೆಗೂ ಟಿಕೆಟ್ ಹರಿದು ಹಂಚ್ತಾ ಇದೀರಾ?"

ಅವರು ತಲೆ ತಗ್ಗಿಸಿಕೊಂಡು, "ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲೇ?" ಅಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು.

ಅತ್ತೆಯದು ಬೇರೆಯೇ ವಾದ. "ಹಸುಗೂಸಿನ ಹೊಟ್ಟೆ ಇಟ್ಕಂಡು ತೋಟ ಮಾಡಾಕಾಯ್ತದಾ? ದೇವ್ರು ಕೊಟ್ಟಿದ್ನ ಕೊಯ್ಸೋದಾ? ಬ್ಯಾಡ ಅಂದ್ರೆ ಬ್ಯಾಡ." ನನ್ನೊಳಗೂ ಒಂದು ಬೇಡ ಇತ್ತು. ಆಪರೇಷನ್ ಅಂದರೆ ಸೋತು ಒಪ್ಪಿಕೊಂಡ ಹಾಗೆ, ಕೈಲಾಗದವಳು ಹಿಡಿದ ಅಡ್ಡದಾರಿಯ ಹಾಗೆ ಕಾಣುತ್ತಿತ್ತು. ನಾಲ್ಕು ಜನ ಹಾಗೆ ಅನ್ನುವ ಮೊದಲು ನಾನೇ ಅಂದುಕೊಂಡು ಮುಗಿಸಿದ್ದೆ.

ದೀಪಾವಳಿ ಕಳೆದ ಮೇಲೆ ಪುಸ್ತಕ ಹಿಡಿದುಕೊಂಡು ಮತ್ತೆ ತುಮಕೂರಿಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಗದಗದ ಹುಡುಗಿ ಎಂಟು ತಿಂಗಳ ಬರಹವನ್ನೂ ಓದಿದಳು. 'ಕೊಬ್ಬರಿ ಚೂರು, ಉಗುರಿನಷ್ಟು, ಒಂದು' ಎಂದು ಬರೆದಿದ್ದ ಕಡೆ ಬೆರಳಿಟ್ಟು ಡಾಕ್ಟರಿಗೆ ತೋರಿಸಿದಳು. ಡಾಕ್ಟರ್ ಪುಸ್ತಕ ಮುಚ್ಚಿ ನನ್ನ ಕಡೆಗೆ ಸರಿಸಿದರು.

"ನೀವು ಮಾಡಬೇಕಾದ್ದನ್ನೆಲ್ಲ ಮಾಡಿದೀರಿ. ಇಷ್ಟಾದ ಮೇಲೂ ದೇಹ ಹಳೇ ತೂಕಕ್ಕೇ ಎಳೀತಾ ಇದೆ. ಕೆಲವರ ದೇಹ ಹಾಗೆ. ಇದು ನಿಮ್ಮ ತಪ್ಪಲ್ಲ. ಈಗ ನಿಮಗೆ ಆಪರೇಷನ್ ಸರಿಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ. ತೀರ್ಮಾನ ನಿಮ್ಮದು."

ಇದು ನಿಮ್ಮ ತಪ್ಪಲ್ಲ. ಆರು ವರ್ಷದಲ್ಲಿ ನೂರು ಜನ ನನಗೆ ನೂರು ಬುದ್ಧಿ ಹೇಳಿದ್ದರು. ಈ ಒಂದು ಮಾತು ಯಾರೂ ಹೇಳಿರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಸೋಲು ಎಂಬ ಮಾತು ಅಲ್ಲಿಗೆ ನನ್ನ ತಲೆಯಿಂದ ಇಳಿಯಿತು. ಅತ್ತೆಯ ಬೇಡ ಮಾತ್ರ ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದೆ. ಗಳ ಮುರಿದ ಮೇಲೆ ಕಾಯಿ ಸುಲಿಯಲು ಬರುವ ಆಳೇ ಅಟ್ಟ ಹತ್ತಿ ಒಂದೊಂದು ಕಾಯಿ ಕೆಳಗೆ ಕೊಡುತ್ತಿದ್ದ. ನಾನು ಮಣೆಯ ಮೇಲೆ ಕೂತು ಕೇಳಿ, ಆಗದ್ದನ್ನು ವಾಪಸ್ ಕೊಡುತ್ತಿದ್ದೆ. ಅವತ್ತು ಅವನು ಬಂದಿರಲಿಲ್ಲ. ನಡುಮನೆಯ ನೆಲದ ಮೇಲೆ ಮೂವತ್ತು ಕಾಯಿ ಬಿದ್ದಿದ್ದವು. ತಲೆಯೆತ್ತಿ ನೋಡಿದರೆ ಏಣಿಯ ಮೇಲಿನ ಮೆಟ್ಟಿಲಲ್ಲಿ ಎರಡು ಒಣಕಲು ಪಾದಗಳು ನಡುಗುತ್ತಿದ್ದವು.

ಕೂಗಿದರೆ ಅತ್ತೆ ಬೆದರಿ ಬೀಳುತ್ತಾರೇನೋ ಎಂದು ಬಾಯಿ ಮುಚ್ಚಿಕೊಂಡು ಓಡಿ ಹೋಗಿ ಏಣಿ ಹಿಡಿದುಕೊಂಡೆ. ಅವರು ನನ್ನನ್ನು ನೋಡದೆ ಇನ್ನೊಂದು ಕಾಯಿಯನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, ತಲೆದೂಗಿ ಕೆಳಗೆ ಬಿಟ್ಟರು. ಅದು ನನ್ನ ಕಾಲ ಬಳಿಯೇ ಬಿತ್ತು. ಆಮೇಲೆ ಒಂದೊಂದೇ ಮೆಟ್ಟಿಲು ತಡಕುತ್ತ ಇಳಿದರು.

"ನಿನ್ ಕೈಲಿ ಹತ್ತಾಕಾಗಲ್ಲ, ಆ ನನ್ಮಗ ಬರ್ಲಿಲ್ಲ. ಕೊಬ್ಬರಿ ಕಾಯ್ತದಾ? ಎಲ್ಲಾ ಆಗವೆ ನೋಡು" ಅಂದರು ಉಸಿರು ಬಿಡುತ್ತ.

ನಾನು ಬಿದ್ದಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದೆ. ಹನ್ನೆರಡರಲ್ಲಿ ಇನ್ನೂ ನೀರು ಗುಳುಗುಳು ಅನ್ನುತ್ತಿತ್ತು. ಯಾರ ಕಿವಿಯಿಂದ ನಾನು ಈ ವಿದ್ಯೆ ಕಲಿತೆನೋ ಆ ಕಿವಿಗೆ ಈಗ ಇಷ್ಟು ಸದ್ದೂ ತಲುಪುತ್ತಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಹೂಂ ಅತ್ತೆ, ಎಲ್ಲಾ ಆಗವೆ" ಅಂದೆ. ಆ ಹನ್ನೆರಡನ್ನು ಬೇರೆ ಚೀಲದಲ್ಲಿಟ್ಟು, ಮಾರನೇ ದಿನ ಆಳಿನ ಕೈಯಲ್ಲಿ ಗುಟ್ಟಾಗಿ ಅಟ್ಟಕ್ಕೆ ವಾಪಸ್ ಹಾಕಿಸಿದೆ.

ನನ್ನ ತೀರ್ಮಾನ ಆ ಏಣಿ ಹಿಡಿದುಕೊಂಡು ನಿಂತಾಗಲೇ ಆಗಿಹೋಗಿತ್ತು. ಈ ಮನೆಯಲ್ಲಿ ಅಟ್ಟ ಹತ್ತಬೇಕಾದವಳು ನಾನು. ಅವರ ಕಿವಿಯ ಹತ್ತಿರ ಹೋಗಿ, "ಅತ್ತೆ, ನಾನು ಆಪರೇಷನ್ ಮಾಡಿಸ್ಕೋತೀನಿ" ಅಂದೆ. "ಆಂ?" ಅಂದರು. ಮತ್ತೆ ಹೇಳಿದೆ. "ಏನಂದೆ?" ಅಂದರು. ಮೂರನೇ ಸಲ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಎದುರು ಮನೆಯವರು, "ಮಾಡಿಸ್ಕೊಳ್ಳಮ್ಮ, ಒಳ್ಳೇದಾಗ್ಲಿ!" ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಅತ್ತೆ ಸೆರಗು ಕೊಡವಿಕೊಂಡು ಒಳಗೆ ಹೋದರು.

ಮೂರನೇ ದಿನ ತೋಟದಿಂದ ಹೊಸ ಕಾಯಿ ಬಂತು. ಅಟ್ಟಕ್ಕೆ ಏರಿಸುವಾಗ ಅತ್ತೆ ಕೆಳಗೆ ನಿಂತು ಎಲ್ಲೆಲ್ಲಿ ಹರಡಬೇಕೆಂದು ಕೈ ತೋರಿಸಿದರು. ಕೊನೆಗೆ ಒಂದು ಕಾಯಿ ಎತ್ತಿ ನನ್ನ ಕೈಗೆ ಕೊಟ್ಟರು. ಅಲ್ಲಾಡಿಸಿದೆ. ತುಂಬ ನೀರು.

"ಇವು ಕೊಬ್ಬರಿ ಆಗಾಕೆ ಒಂದ್ ವರ್ಷ ಬೇಕು. ಡಾಕ್ಟ್ರು ನಿಂಗೆಷ್ಟು ಹೇಳವ್ರೆ?"

"ಒಂದ್ ವರ್ಷ ಅಂತಾನೇ ಹೇಳವ್ರೆ ಅತ್ತೆ."

"ಅಂಗಾದ್ರೆ ಇವ್ನ ನೀನೇ ಹತ್ತಿ ಇಳಿಸ್ಬೇಕು. ಅಲ್ಲಿಗಂಟ ನಾನು ಏಣಿ ಮುಟ್ಟಾಕಿಲ್ಲ."

ಸಂಕ್ರಾಂತಿ ಆದ ವಾರಕ್ಕೆ ಆಪರೇಷನ್ ಆಯಿತು. ಯಜಮಾನರು ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸುತ್ತಲಿನವರ ಅಭಿಪ್ರಾಯ ಸಂಗ್ರಹಿಸಿದರು. ಮೊದಲ ತಿಂಗಳು ಬರೀ ತಿಳಿ, ಗಂಜಿ. ಅವಸರದಲ್ಲಿ ನುಂಗಿದರೆ ವಾಂತಿ. ಮಗಳು ಚಿಕ್ಕವಳಿದ್ದಾಗ ಉಣ್ಣಿಸುತ್ತಿದ್ದ ಬೆಳ್ಳಿ ಒಳಲೆಯನ್ನು ಅತ್ತೆ ಹುಡುಕಿ ತಂದು ನನ್ನ ಮುಂದೆ ಇಟ್ಟು, "ಹಸುಗೂಸಿಗೆ ಇದೇ ಸರಿ" ಎಂದು ನಕ್ಕರು. ಕೂದಲು ಉದುರಿ ಅಳು ಬಂದ ದಿನಗಳೂ ಇದ್ದವು, ರವಿಕೆಗಳೆಲ್ಲ ದೊಗಳೆಯಾಗಿ ಕುಣಿದ ದಿನಗಳೂ ಇದ್ದವು. ಸಕ್ಕರೆ ಮಾತ್ರೆ ಎರಡರಿಂದ ಅರ್ಧಕ್ಕೆ ಇಳಿಯಿತು. ಪುಸ್ತಕ ಬರೆಯುವುದನ್ನು ಬಿಟ್ಟಿಲ್ಲ. ಈಗ ದಿನಕ್ಕೆ ಎರಡು ಚಮಚ ಕಾಯಿತುರಿ ತಿನ್ನುತ್ತೇನೆ, ತಿಂದದ್ದನ್ನು ಬರೆಯುತ್ತೇನೆ.

ಕಳೆದ ವಾರ ತೂಕ ಎಪ್ಪತ್ತೆಂಟು. ಮತ್ತೆ ಅವರೆಕಾಯಿ ಕಾಲ. ಅತ್ತೆ ಅದೇ ಕೋಣೆಯಲ್ಲಿ ಮೊರ ಇಟ್ಟುಕೊಂಡು ಕೂತಿದ್ದರು. ನಾನು ಹೇಳದೆ ಕೇಳದೆ ಸೀರೆ ಎತ್ತಿ ಸಿಕ್ಕಿಸಿ ಏಣಿ ಹತ್ತಿದೆ. ಐದನೇ ಮೆಟ್ಟಿಲಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡೆ. ಆಮೇಲೆ ಅಟ್ಟದ ಮಬ್ಬು ಬೆಳಕು, ಅದೇ ವಾಸನೆ. ಕೂತು ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಲೊಟಲೊಟ! ಸಂತೋಷಕ್ಕೆ ಗಟ್ಟಿಯಾಗಿ ನಕ್ಕುಬಿಟ್ಟೆ.

ಆ ಕಾಯಿಯನ್ನು ಗಳಗಳ ಅಂಚಿನಿಂದ ಅತ್ತೆಯ ಕೈಗೆ ಇಳಿಸಿದೆ. ಅವರು ಕಿವಿಗೆ ಹಿಡಿದು ಅಲ್ಲಾಡಿಸಿ, "ಹೂಂ, ಆಗದೆ" ಅಂದರು. ಅವರಿಗೆ ಕೇಳಿಸಲಿಲ್ಲ ಎಂದು ನನಗೆ ಗೊತ್ತು, ಆದರೂ ಸರಿಯಾಗಿಯೇ ಹೇಳಿದ್ದರು. ನಾನು ಇನ್ನೊಂದು ಕಾಯಿಗೆಂದು ಆ ಕಡೆ ಕಾಲಿಟ್ಟಾಗ ಹೊಸ ಗಳದ ಪಕ್ಕದ ಹಳೇ ಗಳವೊಂದು ಕಿರ್ರೆಂದಿತು. ನಾನು ಅಲ್ಲೇ ನಿಂತು, ಮಾವನ ಗಳ ಎಂದು ಅತ್ತೆ ಬೈಯುವುದನ್ನು ಕಾಯುತ್ತ, ಸಂದಿಯಿಂದ ಕೆಳಗೆ ನೋಡಿದೆ. ಸದ್ದು ಅವರಿಗೆ ಕೇಳಿಸಿರಲಿಲ್ಲ, ಗಳ ಬಾಗಿದ್ದು ಕಾಣಿಸಿತ್ತು. ಅತ್ತೆ ಅವರೆಕಾಯಿ ಬಿಟ್ಟು ಎದ್ದು, ನನ್ನ ಪಾದದ ನೇರಕ್ಕೆ ಕೆಳಗೆ ಬಂದು, ಎರಡು ಕೈಯನ್ನೂ ಮೇಲಕ್ಕೆ ಚಾಚಿ ನಿಂತಿದ್ದರು.

"ಗಳ ಹೋದ್ರೆ ಹೋಗ್ಲಿ ಬುಡು" ಅಂದರು. "ನೀನು ಹುಷಾರಾಗಿ ಕಾಲಿಡೇ."